ಮೊದಲು ಸ್ಪ್ರಿಂಗ್, ಕೊನೆಗೆ ಚೈನ್: ಸ್ಪೋರ್ಟ್ಸ್ ಬೈಕ್ ಸಸ್ಪೆನ್ಷನ್ ಬದಲಿಸುವವರಿಗೆ

‘ಯಮಹಾ ಆರ್‌15 ಇದೆ, ಹಿಂದೆ ಯಾವ ಶಾಕ್ ಹಾಕಿಸಲಿ?’ ‘ಕೆಟಿಎಂ ಆರ್‌ಸಿ 390ಗೆ ಕಾರ್ಟ್ರಿಜ್ ಕಿಟ್ ಬೇಕಾ?’ ‘ಚೈನ್ ಎಷ್ಟು ಕಿಲೋಮೀಟರ್‌ಗೆ ಬದಲಿಸಬೇಕು?’ ಈ ಮೂರು ಪ್ರಶ್ನೆಗಳು ಮತ್ತೆ ಮತ್ತೆ ಬರುತ್ತಲೇ ಇವೆ. ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಹೇಳುವ ಬದಲು ಎಲ್ಲವನ್ನೂ ಒಂದೇ ಕಡೆ ಬರೆದಿಡುತ್ತಿದ್ದೇನೆ.

ಕೇಳುವವರಲ್ಲಿ ಹೆಚ್ಚಿನವರು ಬ್ರ್ಯಾಂಡ್ ಹೆಸರು ಕೇಳುತ್ತಾರೆ, ತಮ್ಮ ತೂಕ ಮಾತ್ರ ಹೇಳುವುದಿಲ್ಲ. ಸಸ್ಪೆನ್ಷನ್ ಅಂದರೆ ಗುಂಡಿಯ ಹೊಡೆತ ನುಂಗುವ ಭಾಗಗಳು: ಮುಂದೆ ಎರಡು ಕೊಳವೆಗಳ ಫೋರ್ಕ್, ಹಿಂದೆ ಸ್ಪ್ರಿಂಗ್ ಇರುವ ಶಾಕ್. ಇದರಲ್ಲಿ ತೂಕ ಮೊದಲು, ಬ್ರ್ಯಾಂಡ್ ಆಮೇಲೆ. 55 ಕೆ.ಜಿ. ಹುಡುಗನಿಗೂ 95 ಕೆ.ಜಿ. ಸವಾರನಿಗೂ ಕಂಪನಿ ಕೊಡುವುದು ಅದೇ ಸ್ಪ್ರಿಂಗ್. ಇಬ್ಬರಲ್ಲಿ ಒಬ್ಬರಿಗಾದರೂ ಅದು ಸರಿ ಹೊಂದಲ್ಲ, ಅಲ್ವಾ? ಇನ್ನೊಂದು ವಿಷಯ ಹೇಳಬೇಕು. ಶಾಕ್ ಮತ್ತು ಚೈನ್ ಬೇರೆ ಬೇರೆ ಕೆಲಸ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಹಿಂದಿನ ಶಾಕ್ ಮುಟ್ಟಿದ ಮೇಲೆ ಚೈನ್ ಲೂಸ್‌ನ, ಅಂದರೆ ಚೈನ್ ಎಷ್ಟು ಸಡಿಲವಾಗಿ ಆಡಬೇಕು ಅನ್ನುವುದರ ಲೆಕ್ಕವೇ ಬದಲಾಗುತ್ತದೆ. ಅದಕ್ಕೇ ಎರಡನ್ನೂ ಒಂದೇ ಲೇಖನದಲ್ಲಿ ತಂದಿದ್ದೇನೆ. ಚೈನ್ ಯಾವಾಗಲೂ ಕೊನೆಯ ಕೆಲಸ.

ಕಾನೂನು, ವಾರಂಟಿ

ಇದನ್ನು ಬೇಗ ಮುಗಿಸೋಣ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಗಾಡಿಯ ನೋಂದಣಿ ಪತ್ರದಲ್ಲಿರುವ ವಿವರಗಳು ಕಂಪನಿ ಕೊಟ್ಟದ್ದಕ್ಕಿಂತ ಬೇರೆಯಾಗುವಂತೆ ಗಾಡಿ ಬದಲಿಸುವಂತಿಲ್ಲ. 2019ರ ತಿದ್ದುಪಡಿಯಲ್ಲಿ ಬಂದ 182ಎ ಸೆಕ್ಷನ್‌ನಲ್ಲಿ, ಅನುಮತಿಯಿಲ್ಲದ ಬದಲಾವಣೆಗೆ ಮಾಲೀಕನಿಗೆ ಆರು ತಿಂಗಳವರೆಗೆ ಸಜೆ ಅಥವಾ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ ಅಥವಾ ಎರಡೂ ಇದೆ. ಮೂಲ ಶಾಕ್‌ನಷ್ಟೇ ಉದ್ದದ, ಅದೇ ಜಾಗದಲ್ಲಿ ಕೂರುವ ಭಾಗಗಳನ್ನೇ ಆರಿಸಿ. ಸ್ವಿಂಗ್‌ಆರ್ಮ್ (ಹಿಂದಿನ ಚಕ್ರ ಹಿಡಿದು ಮೇಲೆ ಕೆಳಗೆ ಆಡುವ ತೋಳು) ಉದ್ದ ಮಾಡಿಸುವುದು, ಫ್ರೇಮ್‌ಗೆ ವೆಲ್ಡಿಂಗ್ ಮಾಡಿಸುವುದು ಬೇಡವೇ ಬೇಡ. ಬೈಕ್ ವಾರಂಟಿಯಲ್ಲಿದ್ದರೆ ಸರ್ವಿಸ್ ಸೆಂಟರ್‌ನಲ್ಲಿ ಕೇಳಿ, ವಿಮೆ ಕಂಪನಿಗೂ ತಿಳಿಸಿ. ತೆಗೆದ ಹಳೆ ಭಾಗಗಳನ್ನು ಗುಜರಿಗೆ ಹಾಕಬೇಡಿ. ಬೈಕ್ ಮಾರುವಾಗ ಬೇಕಾಗುತ್ತವೆ.

ಕೆಲವು ಬೈಕ್‌ಗಳಿಗೆ ಕಂಪನಿಯೇ ಕಿಟ್ ಕೊಡುತ್ತದೆ. ಟಿವಿಎಸ್ 2021ರಲ್ಲಿ ಅಪಾಚೆ ಆರ್‌ಆರ್ 310ಗೆ ತಂದ ಡೈನಮಿಕ್ ಕಿಟ್‌ನಲ್ಲಿ ಹಿಂದೆ ಮುಂದೆ ಎರಡೂ ಕಡೆ ಅಡ್ಜಸ್ಟ್ ಮಾಡಬಹುದಾದ ಸಸ್ಪೆನ್ಷನ್ ಜೊತೆಗೆ ತುಕ್ಕು ಹಿಡಿಯದಂತೆ ಹಿತ್ತಾಳೆ ಲೇಪ ಕೊಟ್ಟ ಚೈನ್ ಕೂಡ ಇತ್ತು. ನಿಮ್ಮ ಬೈಕ್‌ಗೆ ಹೀಗೆ ಕಂಪನಿಯ ಆಯ್ಕೆ ಇದ್ದರೆ ಮೊದಲು ಅದನ್ನೇ ನೋಡಿ. ವಾರಂಟಿ ತಲೆನೋವು ಇರಲ್ಲ.

ಬೇಕಾಗುವ ಸಾಮಾನು

ಪ್ಯಾಡಾಕ್ ಸ್ಟ್ಯಾಂಡ್ (ಚಕ್ರ ನೆಲ ಬಿಡುವಂತೆ ಬೈಕ್ ಎತ್ತಿ ನಿಲ್ಲಿಸುವ ಸ್ಟ್ಯಾಂಡ್), ಟಾರ್ಕ್ ರೆಂಚ್, ಸಿ-ಸ್ಪ್ಯಾನರ್, ಟೇಪು, ವರ್ನಿಯರ್, ಎರಡು ಮೂರು ಜಿಪ್ ಟೈ, ನೈಟ್ರೈಲ್ ಗ್ಲೌಸ್, ಚೈನ್ ಬ್ರಷ್, ಸೀಮೆಎಣ್ಣೆ ಅಥವಾ ಚೈನ್ ಕ್ಲೀನರ್, ಚೈನ್ ಲೂಬ್, ಹಳೆ ಬಟ್ಟೆ. ಸಿ-ಸ್ಪ್ಯಾನರ್ ಅಂದರೆ ಶಾಕ್ ಮೇಲಿನ ಕಚ್ಚು ಹಾಕಿದ ಕಾಲರ್ ತಿರುಗಿಸುವ ಕೊಕ್ಕೆ ಪಾನಾ. ಟಾರ್ಕ್ ರೆಂಚ್ ಅಂದರೆ ಎಷ್ಟು ಬಲದಲ್ಲಿ ಬಿಗಿಯುತ್ತಿದ್ದೀರಿ ಅಂತ ತೋರಿಸುವ ಪಾನಾ. ಇದು ದುಬಾರಿ ಅಂತ ಬಿಡಬೇಡಿ. ಆಕ್ಸಲ್, ಶಾಕ್ ಬೋಲ್ಟ್, ಫೋರ್ಕ್ ಕೊಳವೆಗಳನ್ನು ಹಿಡಿದಿಡುವ ಟ್ರಿಪಲ್ ಕ್ಲ್ಯಾಂಪ್ ಇವನ್ನೆಲ್ಲ ಕೈ ಅಂದಾಜಲ್ಲಿ ಬಿಗಿಯಬಾರದು. ಸರ್ವಿಸ್ ಮ್ಯಾನುಯಲ್‌ನಲ್ಲಿ ಪ್ರತಿ ಬೋಲ್ಟ್‌ಗೂ ನ್ಯೂಟನ್ ಮೀಟರ್ ಲೆಕ್ಕ ಇರುತ್ತದೆ.

ಸ್ಯಾಗ್ (ಏನು ಅಂತ 2ನೇ ಹಂತದಲ್ಲಿದೆ) ಅಳೆಯಲು ಇಬ್ಬರು ಸಹಾಯಕ್ಕೆ ಬೇಕು. ಒಬ್ಬರು ಬೈಕ್ ಹಿಡಿಯಲು, ಒಬ್ಬರು ಟೇಪು ಹಿಡಿಯಲು.

1. ಇರುವುದು ಸರಿ ಇದೆಯಾ ನೋಡಿ

ಹೊಸ ಶಾಕ್ ಹಾಕಿದರೂ ಬೈಕ್ ಅಲ್ಲಾಡುತ್ತದೆ ಅನ್ನುವವರಲ್ಲಿ ಎಷ್ಟೋ ಜನರ ಕಾಯಿಲೆ ಶಾಕ್‌ನಲ್ಲಿ ಇರುವುದೇ ಇಲ್ಲ. ಟೈರ್ ಗಾಳಿ ತಣ್ಣಗಿರುವಾಗ ಚೆಕ್ ಮಾಡಿ. ಮುಂದಿನ ಚಕ್ರ ಎತ್ತಿ ಹ್ಯಾಂಡಲ್ ನಿಧಾನವಾಗಿ ಎರಡೂ ಕಡೆ ತಿರುಗಿಸಿ. ನಡುವೆ ಎಲ್ಲೋ ‘ಕಟ್’ ಅಂತ ಸಿಕ್ಕಿಕೊಂಡ ಹಾಗೆ ಅನಿಸಿದರೆ ಸ್ಟೀರಿಂಗ್ ಬೇರಿಂಗ್ ಹೋಗಿದೆ. ಹಿಂದಿನ ಚಕ್ರ ಹಿಡಿದು ಅಡ್ಡಡ್ಡ ಅಲ್ಲಾಡಿಸಿ. ಆಟ ಇದ್ದರೆ ಸ್ವಿಂಗ್‌ಆರ್ಮ್ ಬುಷ್ ಅಥವಾ ವೀಲ್ ಬೇರಿಂಗ್. ಫೋರ್ಕ್ ಕೊಳವೆಯ ಮೇಲೆ ಎಣ್ಣೆಯ ಉಂಗುರ ಕಂಡರೆ ಸೀಲ್ ಸೋರುತ್ತಿದೆ. ಇವು ಸರಿಯಾಗದೆ ಮುಂದೆ ಹೋಗಬೇಡಿ.

2. ಸ್ಯಾಗ್ ಅಳೆಯಿರಿ

ಇಡೀ ಲೇಖನದಲ್ಲಿ ಒಂದೇ ಹಂತ ಮಾಡಲು ಪುರಸೊತ್ತಿದೆ ಅಂದರೆ ಇದನ್ನು ಮಾಡಿ. ಖರ್ಚಿಲ್ಲ, ಅರ್ಧ ಗಂಟೆಯ ಕೆಲಸ.

ಸ್ಯಾಗ್ ಅಂದರೆ ಭಾರಕ್ಕೆ ಸಸ್ಪೆನ್ಷನ್ ಎಷ್ಟು ಕುಸಿಯುತ್ತದೆ ಅನ್ನುವ ಅಳತೆ. ಕುಸಿಯಬಾರದು ಅಂತಲ್ಲ, ಕುಸಿಯಲೇಬೇಕು. ಗುಂಡಿ ಬಂದಾಗ ಚಕ್ರ ಕೆಳಗೆ ಇಳಿದು ನೆಲ ಹಿಡಿಯಲು ಆ ಜಾಗ ಬೇಕು.

ಹಿಂದಿನಿಂದ ಶುರು ಮಾಡಿ. ಆಕ್ಸಲ್ ನಡುವಿನಿಂದ ನೇರ ಮೇಲೆ ಸೀಟಿನ ಕೆಳಗಿನ ಫೇರಿಂಗ್ (ಬೈಕಿನ ಹೊರ ಹೊದಿಕೆ) ಮೇಲೆ ಒಂದು ಚೂರು ಮಾಸ್ಕಿಂಗ್ ಟೇಪ್ ಅಂಟಿಸಿ ಗುರುತು ಹಾಕಿ. ಮೂರು ಅಳತೆ ಬೇಕು. ಒಂದು, ಚಕ್ರ ನೆಲ ಬಿಟ್ಟು ಪೂರ್ತಿ ಜೋತಾಡುವಾಗ. ಎರಡು, ಬೈಕ್ ತನ್ನ ಭಾರಕ್ಕೆ ತಾನೇ ನೆಟ್ಟಗೆ ನಿಂತಾಗ. ಮೂರು, ನೀವು ಹೆಲ್ಮೆಟ್, ಜಾಕೆಟ್, ಶೂ ಹಾಕಿಕೊಂಡು ಎರಡೂ ಕಾಲು ಪೆಗ್ ಮೇಲಿಟ್ಟು ಕೂತಾಗ. ಕೂರುವ ಭಂಗಿ ನೀವು ಓಡಿಸುವಾಗ ಇರುವಂಥದ್ದೇ ಆಗಿರಬೇಕು.

ಒಂದು ಉದಾಹರಣೆ. ಜೋತಾಡುವಾಗ 560 ಮಿ.ಮೀ., ಬೈಕ್ ಭಾರಕ್ಕೆ 548, ನೀವು ಕೂತಾಗ 522 ಬಂತು ಅಂತಿಟ್ಟುಕೊಳ್ಳಿ. 560ರಿಂದ 548 ಕಳೆದರೆ 12. ಇದು ಸ್ಟ್ಯಾಟಿಕ್ ಸ್ಯಾಗ್, ಅಂದರೆ ಬರಿ ಬೈಕಿನದು. 560ರಿಂದ 522 ಕಳೆದರೆ 38. ಇದು ರೈಡರ್ ಸ್ಯಾಗ್. ಹಿಂದಿನ ಚಕ್ರದ ಒಟ್ಟು ಚಲನೆ 120 ಮಿ.ಮೀ. ಇದ್ದರೆ ರಸ್ತೆಯ ಓಡಾಟಕ್ಕೆ ರೈಡರ್ ಸ್ಯಾಗ್ ಅದರ ಶೇ 30ರ ಆಸುಪಾಸು, ಅಂದರೆ ಸುಮಾರು 36 ಇರಬೇಕು. ಇಲ್ಲಿ ಬಂದ 38 ಒಳ್ಳೆಯದೇ. ಸ್ಟ್ಯಾಟಿಕ್ ಸ್ಯಾಗ್ 5ರಿಂದ 15 ಮಿ.ಮೀ. ನಡುವೆ ಇದ್ದರೆ ನೆಮ್ಮದಿ. ಮುಂದಿನ ಫೋರ್ಕ್‌ಗೆ ರೈಡರ್ ಸ್ಯಾಗ್ 30ರಿಂದ 40 ಮಿ.ಮೀ. ಅಂತ ಇಟ್ಟುಕೊಳ್ಳಿ. ಫೋರ್ಕ್ ಕೊಳವೆಗೆ ಜಿಪ್ ಟೈ ಕಟ್ಟಿದರೆ ಅಳೆಯುವುದು ಸುಲಭ.

ಸೀಲ್‌ಗಳ ಬಿಗಿತದಿಂದ ಒಂದೇ ಅಳತೆ ನಂಬಲು ಆಗಲ್ಲ. ಸೀಟನ್ನು ಒಮ್ಮೆ ಕೆಳಗೆ ಒತ್ತಿ ನಿಧಾನವಾಗಿ ಬಿಟ್ಟು ಅಳೆಯಿರಿ, ಇನ್ನೊಮ್ಮೆ ಮೇಲೆತ್ತಿ ನಿಧಾನವಾಗಿ ಬಿಟ್ಟು ಅಳೆಯಿರಿ. ಎರಡರ ಸರಾಸರಿ ತೆಗೆದುಕೊಳ್ಳಿ.

ಸ್ಯಾಗ್ ಜಾಸ್ತಿ ಬಂದರೆ ಪ್ರಿಲೋಡ್ ಬಿಗಿ ಮಾಡಿ. ಪ್ರಿಲೋಡ್ ಅಂದರೆ ಸ್ಪ್ರಿಂಗನ್ನು ಮೊದಲೇ ಎಷ್ಟು ಅದುಮಿ ಇಟ್ಟಿದ್ದೀರಿ ಅನ್ನುವುದು. ಶಾಕ್ ಮೇಲಿನ ಕಾಲರ್ 1 ಮಿ.ಮೀ. ಇಳಿದರೆ ಚಕ್ರದ ಹತ್ತಿರ ಸ್ಯಾಗ್ ಅದಕ್ಕಿಂತ ಜಾಸ್ತಿಯೇ ಬದಲಾಗುತ್ತದೆ. ಹಾಗಾಗಿ ಸ್ವಲ್ಪ ಸ್ವಲ್ಪವೇ ತಿರುಗಿಸಿ, ಪ್ರತಿ ಸಲ ಅಳೆಯಿರಿ.

ಎಲ್ಲರೂ ಎಡವುವುದು ಇಲ್ಲಿ. ಪ್ರಿಲೋಡ್ ಬಿಗಿ ಮಾಡಿದರೆ ಸ್ಪ್ರಿಂಗ್ ಗಟ್ಟಿಯಾಗುವುದಿಲ್ಲ. ಬೈಕ್‌ನ ಹಿಂಭಾಗ ಮೇಲೆದ್ದು ನಿಲ್ಲುತ್ತದೆ, ಅಷ್ಟೇ. ಸ್ಪ್ರಿಂಗ್ ಎಷ್ಟು ಗಟ್ಟಿ ಅನ್ನುವುದನ್ನು ಅದರ ತಂತಿಯ ದಪ್ಪ, ಸುತ್ತುಗಳು ಮೊದಲೇ ತೀರ್ಮಾನ ಮಾಡಿಬಿಟ್ಟಿರುತ್ತವೆ. ಅದನ್ನು ನ್ಯೂಟನ್ ಪ್ರತಿ ಮಿ.ಮೀ. ಲೆಕ್ಕದಲ್ಲಿ ಹೇಳುತ್ತಾರೆ. ಅದೇ ಸ್ಪ್ರಿಂಗ್ ರೇಟ್.

ಸ್ಪ್ರಿಂಗ್ ನಿಮಗೆ ಸರಿಯಾ ಅಂತ ಎರಡು ಸ್ಯಾಗ್‌ಗಳನ್ನು ಜೊತೆಗಿಟ್ಟು ನೋಡಿದರೆ ಗೊತ್ತಾಗುತ್ತದೆ. ರೈಡರ್ ಸ್ಯಾಗ್ ಸರಿ ಮಾಡಿದ ಮೇಲೆ ಸ್ಟ್ಯಾಟಿಕ್ ಸ್ಯಾಗ್ ಸೊನ್ನೆಗೆ ಬಂತೇ? ಹಾಗಾದರೆ ನಿಮ್ಮ ಸ್ಪ್ರಿಂಗ್ ಮೆತ್ತಗಿದೆ, ಪ್ರಿಲೋಡ್ ವಿಪರೀತ ಬಿಗಿಯಬೇಕಾಯಿತು. ಸ್ಟ್ಯಾಟಿಕ್ ಸ್ಯಾಗ್ 20 ದಾಟಿತೇ? ಸ್ಪ್ರಿಂಗ್ ನಿಮಗೆ ಗಟ್ಟಿಯಾಯಿತು. ಇದು ಉಲ್ಟಾ ಹೇಳಿದ ಹಾಗೆ ಕೇಳಿಸುತ್ತದೆ. ಇನ್ನೊಂದು ಸಲ ಓದಿ, ಸರಿಯಾಗಿಯೇ ಇದೆ.

3. ಏನು ಕೊಳ್ಳಬೇಕು, ಯಾವ ಕ್ರಮದಲ್ಲಿ

ಸ್ಯಾಗ್ ಚೀಟಿ ಕೈಯಲ್ಲಿದ್ದರೆ ಈಗ ಅಂಗಡಿಗೆ ಹೋಗಬಹುದು. ನನ್ನ ಲೆಕ್ಕದಲ್ಲಿ ಕ್ರಮ ಹೀಗೆ: ಮೊದಲು ನಿಮ್ಮ ತೂಕಕ್ಕೆ ತಕ್ಕ ಫೋರ್ಕ್ ಸ್ಪ್ರಿಂಗ್ ಮತ್ತು ಹೊಸ ಫೋರ್ಕ್ ಎಣ್ಣೆ. ಆಮೇಲೆ ಹಿಂದಿನ ಶಾಕ್. ಕೊನೆಗೆ, ದುಡ್ಡಿದ್ದರೆ, ಫೋರ್ಕ್ ಕಾರ್ಟ್ರಿಜ್. ಜನ ಇದನ್ನು ತಲೆಕೆಳಗು ಮಾಡುತ್ತಾರೆ. ಹಿಂದೆ ದುಬಾರಿ ಶಾಕ್ ಹಾಕಿಸಿ ಮುಂದೆ ಐದು ವರ್ಷದ ಹಳೆ ಎಣ್ಣೆಯಲ್ಲೇ ಓಡಿಸುತ್ತಾರೆ. ಬ್ರೇಕ್ ಹಿಡಿದರೆ ಮೂತಿ ನೆಲಕ್ಕೆ ಕುಕ್ಕುತ್ತದೆ.

ಕಾರ್ಟ್ರಿಜ್ ಅಂದರೆ ಫೋರ್ಕ್ ಒಳಗೆ ಕೂರುವ, ಸಣ್ಣ ಶಿಮ್ ಬಿಲ್ಲೆಗಳ ಮೂಲಕ ಎಣ್ಣೆಯ ಹರಿವನ್ನು ಹತೋಟಿಯಲ್ಲಿಡುವ ಘಟಕ. ಸಣ್ಣ ಬೈಕ್‌ಗಳ ಸಾದಾ ಫೋರ್ಕ್‌ನಲ್ಲಿ ಇದರ ಬದಲು ಬರೀ ತೂತು ಕೊರೆದ ಡ್ಯಾಂಪರ್ ರಾಡ್ ಇರುತ್ತದೆ. ನಿಧಾನಕ್ಕೆ ಹೋಗುವಾಗ ಆ ತೂತು ಸಡಿಲ ಅನಿಸುತ್ತದೆ, ಜೋರಾಗಿ ಗುಂಡಿಗೆ ಬಿದ್ದಾಗ ಎಣ್ಣೆ ಹೋಗಲು ಜಾಗ ಸಾಲದೆ ಕೈಗೆ ಹೊಡೆಯುತ್ತದೆ. ಕಾರ್ಟ್ರಿಜ್ ಇರುವ ವ್ಯತ್ಯಾಸ ಗೊತ್ತಾಗುವುದೇ ಅಲ್ಲಿ.

ಬ್ರ್ಯಾಂಡ್ ವಿಷಯ. ಸ್ವೀಡನ್‌ನ ಓಲಿನ್ಸ್ 1976ರಿಂದ ಇದೆ, ಹೆಸರು ಎಲ್ಲರಿಗೂ ಗೊತ್ತು. ಬ್ರಿಟನ್‌ನ ಕೆ-ಟೆಕ್ ಮತ್ತು ನೈಟ್ರಾನ್, ಇಟಲಿಯ ಆಂಡ್ರಿಯಾನಿ, ಥಾಯ್ಲೆಂಡ್‌ನ ವೈಎಸ್ಎಸ್ ಇವೆಲ್ಲ ಕೆಲಸ ಬಲ್ಲ ಕಂಪನಿಗಳೇ. ಊರ ರಸ್ತೆ ಮತ್ತು ವಾರಾಂತ್ಯದ ಘಾಟಿ ಸವಾರಿಗೆ, ಸ್ಪ್ರಿಂಗ್ ಆರಿಸಿ ಕೊಡುವ, ರಿಬೌಂಡ್ (ಸ್ಪ್ರಿಂಗ್ ಮರಳಿ ಚಿಮ್ಮುವ ವೇಗದ ಹತೋಟಿ) ಅಡ್ಜಸ್ಟ್ ಮಾಡಬಹುದಾದ ಮಧ್ಯಮ ಬೆಲೆಯ ಶಾಕ್ ಸಾಕು. ಆರ್ಡರ್ ಮಾಡುವಾಗ ನಿಮ್ಮ ತೂಕ, ಹಿಂಬದಿ ಸವಾರರು ಎಷ್ಟು ಸಲ ಕೂರುತ್ತಾರೆ ಅನ್ನುವುದನ್ನು ಹೇಳಿ. ಅದನ್ನು ಕೇಳದೆ ಡಬ್ಬಿ ಕೈಗಿಡುವ ಅಂಗಡಿಯವರಿಂದ ದೂರವಿರಿ. ಇನ್ನೊಂದು ಪ್ರಶ್ನೆ ಕೇಳಿ: ಮುಂದೆ ಸೀಲ್ ಹೋದರೆ ಇದನ್ನು ಇಲ್ಲೇ ಬಿಚ್ಚಿ ರಿಪೇರಿ ಮಾಡುವವರು ಯಾರಿದ್ದಾರೆ? ಉತ್ತರ ತಡವರಿಸಿದರೆ ಬಿಡಿ.

ನಕಲಿ ಮಾಲಿನ ಹಾವಳಿ ಇದೆ. ಚಿನ್ನದ ಬಣ್ಣದ ಬಾಡಿ, ಹಳದಿ ಸ್ಪ್ರಿಂಗ್, ಮೇಲೊಂದು ಸ್ಟಿಕ್ಕರ್. ಒಳಗೆ ಏನೂ ಇರಲ್ಲ. ಬೆಲೆ ನಂಬಲಾಗದಷ್ಟು ಕಡಿಮೆ ಇದ್ದರೆ ನಂಬಬೇಡಿ. ಅಧಿಕೃತ ವಿತರಕರ ಬಿಲ್ಲು, ಸೀರಿಯಲ್ ನಂಬರ್, ನಿಮ್ಮ ಮಾದರಿಗೇ ಬರೆದ ಫಿಟ್ಟಿಂಗ್ ಹಾಳೆ ಮೂರೂ ಇರಬೇಕು. ಸಾದಾ ಫೋರ್ಕ್‌ನ ಮೇಲೆ ಸಿಕ್ಕಿಸಿ ಅಪ್‌ಸೈಡ್ ಡೌನ್ ಫೋರ್ಕ್ (ದಪ್ಪ ಕೊಳವೆ ಮೇಲೆ ಇರುವ ತಲೆಕೆಳಗಿನ ಫೋರ್ಕ್) ಥರ ಕಾಣಿಸುವ ಕವರ್‌ಗಳೂ ಸಿಗುತ್ತವೆ. ಅವು ಫೋಟೋಗೆ ಮಾತ್ರ. ಒಳಗೆ ಮಣ್ಣು ಸೇರಿ ಸೀಲ್ ಹಾಳಾಗುವುದು ಬೋನಸ್.

4. ಹಿಂದಿನ ಶಾಕ್ ಬದಲಿಸುವುದು

ಇಲ್ಲೊಂದು ದೊಡ್ಡ ಎಚ್ಚರಿಕೆ. ಸ್ವಿಂಗ್‌ಆರ್ಮ್ ಹಿಡಿದೆತ್ತುವ ಪ್ಯಾಡಾಕ್ ಸ್ಟ್ಯಾಂಡ್ ಮೇಲೆ ಬೈಕ್ ನಿಲ್ಲಿಸಿ ಶಾಕ್ ಬೋಲ್ಟ್ ಬಿಚ್ಚಬೇಡಿ. ಬೈಕ್‌ನ ಹಿಂಭಾಗವನ್ನು ಸ್ವಿಂಗ್‌ಆರ್ಮ್ ಮೇಲೆ ಎತ್ತಿ ಹಿಡಿದಿರುವುದೇ ಆ ಶಾಕ್. ಬೋಲ್ಟ್ ಹೊರಗೆ ಬಂದ ಕ್ಷಣ ಬೈಕ್ ಕುಸಿದು ಕೂರುತ್ತದೆ, ಕೈ ನಡುವೆ ಇದ್ದರೆ ಕೈಯೂ ಹೋಗುತ್ತದೆ. ಭಾರ ಫ್ರೇಮ್ ಮೇಲೆ ಅಥವಾ ಫುಟ್‌ಪೆಗ್ ಬ್ರಾಕೆಟ್ ಮೇಲೆ ಬರುವಂಥ ಸ್ಟ್ಯಾಂಡ್ ಬೇಕು. ಮುಂದಿನ ಬ್ರೇಕ್ ಲಿವರನ್ನು ಪಟ್ಟಿಯಿಂದ ಕಟ್ಟಿಡಿ.

ಭಾರ ಇಳಿದ ಮೇಲೆ ಹಿಂದಿನ ಚಕ್ರದ ಕೆಳಗೆ ಮರದ ತುಂಡು ಇಟ್ಟು ಸ್ವಿಂಗ್‌ಆರ್ಮ್‌ಗೆ ಆಸರೆ ಕೊಡಿ. ಆಗ ಬೋಲ್ಟ್ ಮೇಲೆ ಒತ್ತಡ ಇರಲ್ಲ, ಕೈಯಲ್ಲೇ ಜಾರಿ ಬರುತ್ತದೆ. ಸುತ್ತಿಗೆ ಬೇಕಾಯಿತು ಅಂದರೆ ಮರದ ತುಂಡಿನ ಎತ್ತರ ಸರಿಯಿಲ್ಲ ಅಂತ ಅರ್ಥ. ಆರ್‌15ನಂಥ ಬೈಕ್‌ಗಳಲ್ಲಿ ಶಾಕ್‌ಗೂ ಸ್ವಿಂಗ್‌ಆರ್ಮ್‌ಗೂ ನಡುವೆ ಲಿಂಕೇಜ್, ಅಂದರೆ ಎರಡನ್ನೂ ಜೋಡಿಸುವ ಸಣ್ಣ ಸನ್ನೆಗಳು ಇವೆ. ಬಿಚ್ಚಿದಾಗಲೇ ಅದರ ಬೇರಿಂಗ್ ಒರೆಸಿ ಹೊಸ ಗ್ರೀಸ್ ತುಂಬಿ. ಮಳೆಗಾಲ ಕಂಡ ಬೈಕ್‌ಗಳಲ್ಲಿ ಇಲ್ಲಿ ಗ್ರೀಸ್ ಬದಲು ಕೆಂಪು ತುಕ್ಕೇ ಸಿಗುತ್ತದೆ. ಆರ್‌ಸಿ 390ರಲ್ಲಿ ಲಿಂಕೇಜ್ ಇಲ್ಲ, ಅಷ್ಟು ಕೆಲಸ ಉಳಿಯಿತು.

ಹೊಸ ಶಾಕನ್ನು ಹಳೆಯದರ ಪಕ್ಕದಲ್ಲಿಟ್ಟು ಕಣ್ಣಿಂದ ಕಣ್ಣಿಗೆ, ಅಂದರೆ ಮೇಲಿನ ಬೋಲ್ಟ್ ತೂತಿನ ನಡುವಿನಿಂದ ಕೆಳಗಿನ ತೂತಿನ ನಡುವಿಗೆ ಉದ್ದ ಅಳೆಯಿರಿ. ಹೊಸದು ಉದ್ದ ಇದ್ದರೆ ಬೈಕ್ ಹಿಂದೆ ಎತ್ತರವಾಗುತ್ತದೆ. ತಿರುವಿನಲ್ಲಿ ಬೇಗ ವಾಲುತ್ತದೆ, ಆದರೆ ಜೋರಿನಲ್ಲಿ ಹ್ಯಾಂಡಲ್ ಚಂಚಲ ಆಗುತ್ತದೆ, ಸೈಡ್ ಸ್ಟ್ಯಾಂಡ್ ಮೇಲೆ ಬೈಕ್ ಇನ್ನಷ್ಟು ವಾಲಿ ನಿಲ್ಲುತ್ತದೆ. ರಸ್ತೆಗೆ ಮೂಲ ಉದ್ದವೇ ಸಾಕು.

ಗ್ಯಾಸ್ ತುಂಬಿದ ಶಾಕ್‌ನ ಒಳಗೆ ಒತ್ತಡದ ನೈಟ್ರೋಜನ್ ಇರುತ್ತದೆ. ಮನೆಯಲ್ಲಿ ಬಿಚ್ಚಬೇಡಿ, ಹಳೆಯದನ್ನೂ ಕೊರೆಯಬೇಡಿ. ಸ್ಪ್ರಿಂಗ್ ಕಳಚಲು ಸರಿಯಾದ ಕಂಪ್ರೆಸರ್ ಇಲ್ಲದಿದ್ದರೆ ಆ ಕೆಲಸ ವರ್ಕ್‌ಶಾಪ್‌ಗೆ ಬಿಡಿ.

5. ಮುಂದಿನ ಫೋರ್ಕ್

ಇದನ್ನು ಮೊದಲ ಸಲ ಮಾಡುವವರು ಅನುಭವಿ ಮೆಕ್ಯಾನಿಕ್ ಜೊತೆ ಕೂತು ಮಾಡುವುದು ಒಳ್ಳೆಯದು. ಫೋರ್ಕ್ ತೆಗೆಯುವಾಗ ಬೈಕನ್ನು ಸ್ಟೀರಿಂಗ್ ಕಾಂಡದಿಂದ ಎತ್ತುವ ಸ್ಟ್ಯಾಂಡ್ ಬೇಕು. ಫೋರ್ಕ್ ಕಾಲನ್ನೇ ಹಿಡಿದೆತ್ತುವ ಸ್ಟ್ಯಾಂಡ್ ಇಲ್ಲಿ ಕೆಲಸಕ್ಕೆ ಬರಲ್ಲ. ಟ್ರಿಪಲ್ ಕ್ಲ್ಯಾಂಪ್ ಸಡಿಲ ಮಾಡುವ ಮೊದಲು, ಫೋರ್ಕ್ ಕೊಳವೆ ಮೇಲೆ ಎಷ್ಟು ಮಿ.ಮೀ. ಚಾಚಿದೆ ಅಂತ ಬರೆದಿಟ್ಟುಕೊಳ್ಳಿ. ಮರಳಿ ಹಾಕುವಾಗ ಎಡ, ಬಲ ಎರಡೂ ಅದೇ ಅಳತೆಗೆ ಬರಬೇಕು. ಮೇಲಿನ ಮುಚ್ಚಳದ ನಟ್ಟನ್ನು ಫೋರ್ಕ್ ಇನ್ನೂ ಕೆಳಗಿನ ಕ್ಲ್ಯಾಂಪ್‌ನಲ್ಲಿ ಇರುವಾಗಲೇ ಒಂದು ಸುತ್ತು ಸಡಿಲಿಸಿ. ಹೊರಗೆ ತೆಗೆದ ಮೇಲೆ ಹಿಡಿದುಕೊಳ್ಳಲು ಜಾಗ ಇರಲ್ಲ.

ಎಣ್ಣೆ ಆರಿಸುವಾಗ ಬಾಟಲಿ ಮೇಲಿನ ‘10ಡಬ್ಲ್ಯು’ ಅನ್ನುವ ಗ್ರೇಡ್ ನಂಬಬೇಡಿ. ಒಂದು ಕಂಪನಿಯ 10ಡಬ್ಲ್ಯು ಇನ್ನೊಂದರ 7.5ರಷ್ಟು ತೆಳ್ಳಗಿರಬಹುದು. ಎಣ್ಣೆ ಕಂಪನಿಯ ವಿವರದ ಹಾಳೆಯಲ್ಲಿ 40 ಡಿಗ್ರಿಯಲ್ಲಿ ಎಷ್ಟು ಸೆಂಟಿಸ್ಟೋಕ್ ಅಂತ ಇರುತ್ತದೆ, ಅದನ್ನೇ ಹೋಲಿಸಿ. ಸೆಂಟಿಸ್ಟೋಕ್ ಅಂದರೆ ಎಣ್ಣೆ ಎಷ್ಟು ಮಂದ ಅನ್ನುವ ಅಳತೆ.

ಎಷ್ಟು ಮಿಲಿಲೀಟರ್ ಹಾಕಬೇಕು ಅನ್ನುವುದಕ್ಕಿಂತ ಎಣ್ಣೆಯ ಮಟ್ಟ ಮುಖ್ಯ. ಸ್ಪ್ರಿಂಗ್ ಹೊರಗಿಟ್ಟು, ಫೋರ್ಕ್ ಪೂರ್ತಿ ಒತ್ತಿ, ಕೊಳವೆಯ ಬಾಯಿಯಿಂದ ಎಣ್ಣೆಯವರೆಗಿನ ದೂರ ಅಳೆಯಿರಿ. ಇದೇ ಏರ್ ಗ್ಯಾಪ್. ಹಾಗೆ ಅಳೆಯುವ ಮೊದಲು ರಾಡನ್ನು ನಿಧಾನವಾಗಿ ಮೇಲೆ ಕೆಳಗೆ ಮಾಡಿ ಗಾಳಿಗುಳ್ಳೆ ಹೊರಗೆ ಹಾಕಿ. ಎಣ್ಣೆ ಜಾಸ್ತಿಯಾದರೆ ಒಳಗಿನ ಗಾಳಿಗೆ ಜಾಗ ಕಡಿಮೆಯಾಗಿ ಫೋರ್ಕ್ ಕೊನೆಯಲ್ಲಿ ಕಲ್ಲಿನ ಹಾಗೆ ಗಟ್ಟಿಯಾಗುತ್ತದೆ, ಸೀಲೂ ಬೇಗ ಹಾರುತ್ತದೆ.

ಮರಳಿ ಜೋಡಿಸಿದ ಮೇಲೆ ಆಕ್ಸಲ್ ಪಿಂಚ್ ಬೋಲ್ಟ್ ಬಿಗಿಯುವ ಮೊದಲು ಮುಂದಿನ ಬ್ರೇಕ್ ಹಿಡಿದು ಫೋರ್ಕನ್ನು ನಾಲ್ಕೈದು ಸಲ ಒತ್ತಿ. ಎರಡೂ ಕಾಲು ತಮ್ಮಷ್ಟಕ್ಕೆ ನೇರಕ್ಕೆ ಬರುತ್ತವೆ. ಇದನ್ನು ಬಿಟ್ಟರೆ ಹೊಸ ಸ್ಪ್ರಿಂಗ್ ಹಾಕಿಯೂ ಫೋರ್ಕ್ ಬಿಗಿಬಿಗಿ ಅನಿಸುತ್ತದೆ.

ಹೊಸ ಸ್ಪ್ರಿಂಗ್‌ಗಳ ಮೇಲೆ ಸ್ಯಾಗ್ ಮತ್ತೊಮ್ಮೆ ಅಳೆಯಿರಿ. ಹಳೆಯ ಲೆಕ್ಕ ಈಗ ನಡೆಯಲ್ಲ.

6. ಡ್ಯಾಂಪಿಂಗ್ ಹೊಂದಿಸುವುದು

ಸ್ಪ್ರಿಂಗ್ ಒತ್ತುವುದನ್ನು, ಚಿಮ್ಮುವುದನ್ನು ನಿಧಾನ ಮಾಡುವುದೇ ಡ್ಯಾಂಪಿಂಗ್. ಒತ್ತುವಾಗಿನದು ಕಂಪ್ರೆಷನ್, ಮರಳಿ ಚಿಮ್ಮುವಾಗಿನದು ರಿಬೌಂಡ್. ನಿಮ್ಮ ಶಾಕ್‌ನಲ್ಲಿ ಒಂದೇ ತಿರುಪು ಇದ್ದರೆ ಅದು ಹೆಚ್ಚಾಗಿ ರಿಬೌಂಡ್.

ತಿರುಪನ್ನು ಬಲಕ್ಕೆ ಮೆಲ್ಲಗೆ ಪೂರ್ತಿ ಮುಚ್ಚಿ, ಅಲ್ಲಿಂದ ಹಿಂದಕ್ಕೆ ಕ್ಲಿಕ್ ಎಣಿಸಿ. ಕೊನೆಯಲ್ಲಿ ಬಲ ಹಾಕಿದರೆ ಒಳಗಿನ ಸೂಜಿ ಹಾಳಾಗುತ್ತದೆ. ಕಂಪನಿ ಹೇಳಿದ ಕ್ಲಿಕ್‌ನಿಂದ ಶುರು ಮಾಡಿ. ಸೀಟಿನ ಮೇಲೆ ಜೋರಾಗಿ ಒತ್ತಿ ಬಿಡಿ. ಮೇಲೆ ಬಂದು ಅಲ್ಲೇ ನಿಲ್ಲಬೇಕು. ಇನ್ನೊಮ್ಮೆ ಕುಣಿದರೆ ರಿಬೌಂಡ್ ಕಡಿಮೆ. ಮೇಲೆ ಬರಲು ಆಲಸ್ಯ ಮಾಡಿದರೆ ಜಾಸ್ತಿ.

ಆಮೇಲೆ ರಸ್ತೆ. ಹೆದ್ದಾರಿಯಲ್ಲಿ ಕ್ರಾಸ್ ಬರುವ ಮುಂಚೆ ಸಾಲಾಗಿ ಹಾಕುವ ಬಿಳಿ ಉಬ್ಬುಪಟ್ಟಿಗಳು ಗೊತ್ತಲ್ಲ, ಪರೀಕ್ಷೆಗೆ ಅದಕ್ಕಿಂತ ಒಳ್ಳೆಯ ಜಾಗ ಇಲ್ಲ. ಮೊದಲ ಎರಡು ಪಟ್ಟಿ ಮೆತ್ತಗೆ ಹೋಗಿ, ನಾಲ್ಕನೆಯದು ಐದನೆಯದು ಬರುವಷ್ಟರಲ್ಲಿ ಬೆನ್ನಿಗೆ ಹೊಡೆಯಲು ಶುರುವಾದರೆ ರಿಬೌಂಡ್ ಜಾಸ್ತಿ ಇದೆ. ಶಾಕ್‌ಗೆ ಮೇಲೆ ಬರಲು ಪುರಸೊತ್ತು ಸಿಗುತ್ತಿಲ್ಲ, ಪ್ರತಿ ಪಟ್ಟಿಗೂ ಇನ್ನಷ್ಟು ಕೆಳಗೇ ಕೂರುತ್ತಿದೆ. ಜನ ಇದನ್ನು ‘ಗಟ್ಟಿ’ ಅಂದುಕೊಂಡು ಪ್ರಿಲೋಡ್ ಸಡಿಲ ಮಾಡುತ್ತಾರೆ, ಇನ್ನೂ ಕೆಡುತ್ತದೆ. ಎರಡು ಕ್ಲಿಕ್ ರಿಬೌಂಡ್ ತೆರೆದು ನೋಡಿ.

ಒಂದು ಸಲಕ್ಕೆ ಒಂದೇ ತಿರುಪು, ಎರಡೇ ಕ್ಲಿಕ್, ಅದೇ ರಸ್ತೆ, ಅದೇ ವೇಗ. ಫೋನಿನಲ್ಲಿ ಬರೆದಿಟ್ಟುಕೊಳ್ಳಿ. ಮಧ್ಯಾಹ್ನದೊಳಗೆ ಎಲ್ಲವನ್ನೂ ತಿರುಗಿಸಿ, ಎಲ್ಲಿದ್ದೆವು ಅಂತಲೇ ಮರೆತು ಕೂರುವವರನ್ನು ತುಂಬಾ ನೋಡಿದ್ದೇನೆ. ಚಾರ್ಮಾಡಿ, ಆಗುಂಬೆ ತಿರುವುಗಳಲ್ಲಿ ಪರೀಕ್ಷೆ ಬೇಡ. ಬಸ್ಸು ಎದುರಿಗೆ ಬರುವ ಜಾಗದಲ್ಲಿ ಕ್ಲಿಕ್ ಎಣಿಸುವುದು ಜಾಣತನ ಅಲ್ಲ. ಜೋರಾಗಿ ಓಡಿಸಿ ನೋಡಬೇಕು ಅಂದರೆ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ, ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ ಟ್ರ್ಯಾಕ್ ಇವೆ.

7. ಚೈನ್: ಅಳೆಯಿರಿ, ಆಮೇಲೆ ಕೊಳ್ಳಿ

‘ಎಷ್ಟು ಕಿಲೋಮೀಟರ್’ ಅನ್ನುವ ಪ್ರಶ್ನೆಗೆ ಉತ್ತರ ಇಲ್ಲ. ಅಳತೆಗೆ ಇದೆ. ಮೊದಲು ಚೈನ್ ಮೇಲಿನ ಅಂಕಿ ಓದಲು ಕಲಿಯಿರಿ. 520 ಅಂತ ಇದ್ದರೆ ಮೊದಲ 5 ಅಂದರೆ ಒಂದು ಪಿನ್‌ನಿಂದ ಇನ್ನೊಂದಕ್ಕೆ 5/8 ಇಂಚು, ಅಂದರೆ 15.875 ಮಿ.ಮೀ. ಉಳಿದ 20 ಒಳಗಿನ ಅಗಲ, 2/8 ಇಂಚು. ಆರ್‌15ಗೆ ಬರುವುದು 428, ಅದರ ಪಿನ್ ಅಂತರ 12.7 ಮಿ.ಮೀ. ಆರ್‌ಸಿ 390, ಆರ್‌ಆರ್ 310, ನಿಂಜಾ 300ಕ್ಕೆ 520.

ಚೈನ್ ಎಳೆದು ಬಿಗಿ ಹಿಡಿದು 21 ಪಿನ್‌ಗಳ ನಡುವಿನ 20 ಲಿಂಕ್ ಅಳೆಯಿರಿ. ಹೊಸ 520ರಲ್ಲಿ ಇದು 317.5 ಮಿ.ಮೀ. 323ರ ಹತ್ತಿರ ಬಂದರೆ ಮುಗಿಯಿತು. 428ರಲ್ಲಿ ಹೊಸದು 254, ಅದು 258 ದಾಟಿದರೆ ಬದಲಿಸಿ. ಮೂರು ನಾಲ್ಕು ಜಾಗದಲ್ಲಿ ಅಳೆಯಬೇಕು, ಚೈನ್ ಎಲ್ಲ ಕಡೆ ಒಂದೇ ಸಮ ಸವೆಯಲ್ಲ. ಹಿಂದಿನ ಸ್ಪ್ರಾಕೆಟ್‌ನ (ಚೈನ್ ಕೂರುವ ಹಲ್ಲುಚಕ್ರ) ಹಿಂಬದಿಯಲ್ಲಿ ಚೈನನ್ನು ಬೆರಳಿನಿಂದ ಹಿಂದಕ್ಕೆ ಎಳೆಯಿರಿ. ಹಲ್ಲಿನ ಅರ್ಧ ಕಾಣುವಷ್ಟು ಎದ್ದು ಬಂದರೆ ಅಳೆಯುವ ಅಗತ್ಯವೂ ಇಲ್ಲ.

ಕೊಳ್ಳುವಾಗ ಚೈನ್ ಮತ್ತು ಎರಡೂ ಸ್ಪ್ರಾಕೆಟ್ ಒಟ್ಟಿಗೆ ಬದಲಿಸಿ. ಹಳೆ ಹಲ್ಲಿನ ಮೇಲೆ ಹೊಸ ಚೈನ್ ಬೇಗ ಸವೆಯುತ್ತದೆ. ಓ-ರಿಂಗ್ ಅಥವಾ ಎಕ್ಸ್-ರಿಂಗ್ ಚೈನ್ ತೆಗೆದುಕೊಳ್ಳಿ. ಪಿನ್ನಿನ ಸುತ್ತ ಕಂಪನಿ ತುಂಬಿದ ಗ್ರೀಸನ್ನು ಒಳಗೇ ಹಿಡಿದಿಡುವ ರಬ್ಬರ್ ಉಂಗುರಗಳು ಇವು. ಎಕ್ಸ್-ರಿಂಗ್‌ನಲ್ಲಿ ಉಂಗುರದ ಅಂಚು ನಾಲ್ಕು, ಹಾಗಾಗಿ ಘರ್ಷಣೆ ಕಡಿಮೆ. ಜಪಾನ್‌ನ ಡಿಐಡಿ, ಆರ್‌ಕೆ, ನಮ್ಮ ರೋಲಾನ್ ಎಲ್ಲ ಸಿಗುತ್ತವೆ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಕೊಳ್ಳುವುದಾದರೂ ಪೆಟ್ಟಿಗೆ ಸೀಲ್ ನೋಡಿ, ಬಿಲ್ಲು ಕೇಳಿ.

‘ಪಿಕಪ್ ಜಾಸ್ತಿ ಬೇಕು’ ಅಂತ ಹಲ್ಲಿನ ಸಂಖ್ಯೆ ಬದಲಿಸುವವರು ಒಂದು ಲೆಕ್ಕ ತಿಳಿದಿರಿ. ಮುಂದೆ 15, ಹಿಂದೆ 45 ಹಲ್ಲು ಇದ್ದದ್ದನ್ನು ಮುಂದೆ 14 ಮಾಡಿದರೆ ಹಿಂದೆ ಸುಮಾರು ಮೂರು ಹಲ್ಲು ಕೂಡಿಸಿದ ಹಾಗೆ. ಹೆದ್ದಾರಿಯಲ್ಲಿ ಅದೇ ವೇಗಕ್ಕೆ ಎಂಜಿನ್ ಶೇ 7ರಷ್ಟು ಹೆಚ್ಚು ಸುತ್ತುತ್ತದೆ. ಚಿಕ್ಕ ಸ್ಪ್ರಾಕೆಟ್ ಮೇಲೆ ಚೈನ್ ಹೆಚ್ಚು ಬಾಗುವುದರಿಂದ ಸ್ವಿಂಗ್‌ಆರ್ಮ್ ಮೇಲಿನ ರಬ್ಬರ್ ಸ್ಲೈಡರ್ ಕೂಡ ಬೇಗ ಸವೆಯುತ್ತದೆ.

ಹಳೆ ಚೈನ್ ಕತ್ತರಿಸುವಾಗ ಪಿನ್ನಿನ ತಲೆಯನ್ನು ಮೊದಲು ಗ್ರೈಂಡರ್‌ನಿಂದ ಸಮ ಮಾಡಿ, ಆಮೇಲೆ ಚೈನ್ ಬ್ರೇಕರ್ (ಪಿನ್ ಹೊರಗೆ ತಳ್ಳುವ ಸಾಧನ) ಹಾಕಿ. ಇಲ್ಲದಿದ್ದರೆ ಬ್ರೇಕರ್‌ನ ಪಿನ್ನೇ ಬಾಗುತ್ತದೆ. ಹೊಸ ಚೈನ್ ಜೋಡಿಸಲು ಎರಡು ಬಗೆ. ಕ್ಲಿಪ್ ಲಾಕ್ ಮತ್ತು ರಿವೆಟ್ ಲಿಂಕ್. ಸಣ್ಣ 428ರಲ್ಲಿ ಕ್ಲಿಪ್ ಲಾಕ್ ನಡೆಯುತ್ತದೆ. ಕ್ಲಿಪ್‌ನ ಮುಚ್ಚಿದ ತುದಿ ಚೈನ್ ಓಡುವ ದಿಕ್ಕಿಗೇ ಇರಬೇಕು. 520ಕ್ಕೆ ರಿವೆಟ್ ಮಾಡಿಸಿ. ರಿವೆಟ್ ಹೊಡೆದ ಪಿನ್ನಿನ ತಲೆ ಎಷ್ಟು ಅಗಲ ಆಗಬೇಕು ಅಂತ ಪೆಟ್ಟಿಗೆಯ ಹಾಳೆಯಲ್ಲಿ ಇರುತ್ತದೆ, ವರ್ನಿಯರ್ ಹಿಡಿದು ನೋಡಿ. ಕಡಿಮೆಯಾದರೆ ಬಿಚ್ಚಿಕೊಳ್ಳುತ್ತದೆ, ಜಾಸ್ತಿಯಾದರೆ ಬಿರುಕು ಬಿಡುತ್ತದೆ. ಲಿಂಕ್ ಜೊತೆ ಬರುವ ನಾಲ್ಕು ರಬ್ಬರ್ ಉಂಗುರಗಳನ್ನು ಗ್ರೀಸ್ ಹಚ್ಚಿ ಹಾಕಲು ಮರೆಯಬೇಡಿ. ಓಡುವಾಗ ಚೈನ್ ತುಂಡಾದರೆ ಕ್ರ್ಯಾಂಕ್‌ಕೇಸ್ ಒಡೆಯಬಹುದು, ಹಿಂದಿನ ಚಕ್ರ ಜಾಮ್ ಆಗಬಹುದು.

ಚಕ್ರ ಬಿಚ್ಚಿದಾಗಲೇ ಕುಷ್ ಡ್ರೈವ್ ರಬ್ಬರ್‌ಗಳನ್ನೂ ನೋಡಿ. ಸ್ಪ್ರಾಕೆಟ್‌ಗೂ ಚಕ್ರಕ್ಕೂ ನಡುವೆ ಜರ್ಕ್ ನುಂಗುವ ರಬ್ಬರ್ ತುಂಡುಗಳು ಇವು. ಸವೆದಿದ್ದರೆ ಎಷ್ಟು ಒಳ್ಳೆಯ ಚೈನ್ ಹಾಕಿದರೂ ಕುಟುಕುಟು ಅನ್ನುತ್ತದೆ.

8. ಚೈನ್ ಲೂಸ್ ಹೊಸದಾಗಿ ಲೆಕ್ಕ ಹಾಕುವುದು

ಸ್ವಿಂಗ್‌ಆರ್ಮ್ ಮೇಲಿನ ಸ್ಟಿಕ್ಕರ್‌ನಲ್ಲಿ ಚೈನ್ ಎಷ್ಟು ಲೂಸ್ ಇರಬೇಕು ಅಂತ ಬರೆದಿರುತ್ತದೆ. ಅದು ಕಂಪನಿಯ ಶಾಕ್, ಕಂಪನಿಯ ಸ್ಪ್ರಿಂಗ್ ಇದ್ದಾಗಿನ ಲೆಕ್ಕ. ನೀವು ಶಾಕ್ ಉದ್ದವನ್ನೋ ಪ್ರಿಲೋಡನ್ನೋ ಬದಲಿಸಿದರೆ ನಿಂತ ಬೈಕ್‌ನಲ್ಲಿ ಸ್ವಿಂಗ್‌ಆರ್ಮ್ ಕೋನ ಬದಲಾಗುತ್ತದೆ. ಸ್ಟಿಕ್ಕರ್‌ನ ಅಂಕಿ ಆಗ ಸರಿ ಹೊಂದದೆ ಹೋಗಬಹುದು.

ನಂಬಬಹುದಾದ ವಿಧಾನ ಇದು. ಮುಂದಿನ ಸ್ಪ್ರಾಕೆಟ್ ನಡು, ಸ್ವಿಂಗ್‌ಆರ್ಮ್ ತಿರುಗುಬಿಂದು, ಹಿಂದಿನ ಆಕ್ಸಲ್ ಈ ಮೂರೂ ಒಂದೇ ಗೆರೆಗೆ ಬಂದಾಗ ಚೈನ್ ಅತಿ ಹೆಚ್ಚು ಬಿಗಿಯಾಗುತ್ತದೆ. ಇಬ್ಬರು ದಪ್ಪ ಗೆಳೆಯರನ್ನು ಸೀಟಿನ ಮೇಲೆ ಕೂರಿಸಿ, ಇಲ್ಲವೇ ಪಟ್ಟಿ ಹಾಕಿ ಎಳೆದು, ಆ ಸ್ಥಿತಿಗೆ ತನ್ನಿ. ಆಗಲೂ ಕೆಳಗಿನ ಚೈನ್ ಬೆರಳಿಗೆ 10 ಮಿ.ಮೀ.ನಷ್ಟು ಆಡಬೇಕು. ಹಾಗೆ ಹೊಂದಿಸಿ, ಆಮೇಲೆ ಎಲ್ಲರನ್ನೂ ಇಳಿಸಿ ಸೈಡ್ ಸ್ಟ್ಯಾಂಡ್ ಮೇಲೆ ಎಷ್ಟು ಲೂಸ್ ಬಂತು ಅಂತ ಅಳೆದು ಬರೆದಿಡಿ. ಇನ್ನು ಮುಂದೆ ನಿಮ್ಮ ಬೈಕಿನ ಅಂಕಿ ಅದೇ.

ಚೈನ್ ಸ್ವಲ್ಪ ಲೂಸ್ ಇದ್ದರೆ ಸದ್ದು ಬರುತ್ತದೆ. ಟೈಟ್ ಇದ್ದರೆ ಸದ್ದೇ ಇರಲ್ಲ, ಆದರೆ ಪ್ರತಿ ಗುಂಡಿಗೂ ಗೇರ್‌ಬಾಕ್ಸ್‌ನ ಹೊರಗಿನ ಬೇರಿಂಗ್ ಎಳೆಸಿಕೊಳ್ಳುತ್ತದೆ. ಹೊಸ ಶಾಕ್ ಕೂಡ ಪೂರ್ತಿ ಚಲಿಸಲಾರದು, ಚೈನೇ ಅದನ್ನು ತಡೆದು ಹಿಡಿಯುತ್ತದೆ. ‘ಇಷ್ಟು ದುಡ್ಡು ಹಾಕಿದರೂ ಹಿಂದೆ ಗಟ್ಟಿ’ ಅನ್ನುವ ದೂರಿನ ಹಿಂದೆ ಇದೂ ಇರುತ್ತದೆ. ಅನುಮಾನ ಬಂದರೆ ಲೂಸ್ ಕಡೆಗೇ ಇರಲಿ.

ಚಕ್ರ ನೇರ ಇದೆಯಾ ಅಂತ ನೋಡಲು ಸ್ವಿಂಗ್‌ಆರ್ಮ್‌ನ ಗೀಟುಗಳನ್ನು ಪೂರ್ತಿ ನಂಬಬೇಡಿ. ಸ್ವಿಂಗ್‌ಆರ್ಮ್ ತಿರುಗುಬಿಂದುವಿನಿಂದ ಆಕ್ಸಲ್ ನಡುವಿಗೆ ಎರಡೂ ಕಡೆ ಟೇಪಿನಲ್ಲಿ ಅಳೆಯಿರಿ. ಚಕ್ರ ತಿರುಗಿಸಿ ಚೈನ್ ಅತಿ ಬಿಗಿ ಬರುವ ಜಾಗ ಹುಡುಕಿ ಅಲ್ಲೇ ಲೂಸ್ ನೋಡಿ. ಆಕ್ಸಲ್ ನಟ್ ಬಿಗಿದ ಮೇಲೆ ಇನ್ನೊಮ್ಮೆ ನೋಡಿ, ಬಿಗಿಯುವಾಗ ಚೈನ್ ಟೈಟ್ ಆಗುವುದುಂಟು.

9. ಆಮೇಲಿನ ಆರೈಕೆ

ಚೈನ್ ತೊಳೆಯುವಾಗ ಎಂಜಿನ್ ಆಫ್, ಗೇರ್ ನ್ಯೂಟ್ರಲ್, ಚಕ್ರ ಕೈಯಲ್ಲೇ ತಿರುಗಿಸಿ. ಗೇರ್ ಹಾಕಿ ಚಕ್ರ ಓಡಿಸಿ ಬಟ್ಟೆ ಹಿಡಿಯುವುದನ್ನು ವಿಡಿಯೋಗಳಲ್ಲಿ ತೋರಿಸುತ್ತಾರೆ. ಬಟ್ಟೆ ಸಿಕ್ಕಿಕೊಂಡರೆ ಬೆರಳೂ ಹೋಗುತ್ತದೆ, ಎಳೆದುಕೊಳ್ಳಲು ಸಮಯ ಸಿಗಲ್ಲ. ದಯವಿಟ್ಟು ಬೇಡ.

ಸೀಮೆಎಣ್ಣೆಯಲ್ಲಿ ಅದ್ದಿದ ಮೆತ್ತಗಿನ ಬ್ರಷ್ ಸಾಕು. ಪೆಟ್ರೋಲ್ ಹಾಕಿದರೆ ಓ-ರಿಂಗ್ ಹಾಳಾಗುತ್ತದೆ, ತಂತಿ ಬ್ರಷ್ ಹಾಕಿದರೆ ಹರಿಯುತ್ತದೆ, ಪ್ರೆಷರ್ ವಾಷ್ ಹತ್ತಿರದಿಂದ ಹೊಡೆದರೆ ನೀರು ಒಳಗೆ ಹೋಗುತ್ತದೆ. ಪೂರ್ತಿ ಒರೆಸಿ ಒಣಗಿದ ಮೇಲೆ ಲೂಬ್ ಹಾಕಿ. ಕೆಳಗಿನ ಚೈನ್‌ನ ಒಳಮೈಗೆ, ಅಂದರೆ ಸ್ಪ್ರಾಕೆಟ್ ಕಡೆಗೆ ಮುಖ ಮಾಡಿದ ಬದಿಗೆ ಹಾಕಬೇಕು. ತಿರುಗುವಾಗ ಅದು ತಾನೇ ಹೊರಗೆ ಹರಡಿಕೊಳ್ಳುತ್ತದೆ. ಸವಾರಿ ಮುಗಿಸಿ ಬಂದು ಚೈನ್ ಬೆಚ್ಚಗಿರುವಾಗಲೇ ಹಾಕಿ ರಾತ್ರಿ ಬಿಡಿ. ಹೊರಡುವ ಮುಂಚೆ ಸುಮ್ನೆ ಎರಡು ಸಲ ಸ್ಪ್ರೇ ಮಾಡಿದರೆ ಅದೆಲ್ಲ ಚಕ್ರದ ಮೇಲೆ ಹಾರುತ್ತದೆ. ಟೈರ್ ಮತ್ತು ಬ್ರೇಕ್ ಡಿಸ್ಕ್ ಹಿಂದೆ ರಟ್ಟು ಹಿಡಿಯಿರಿ, ಎಣ್ಣೆ ತಾಗಿದರೆ ಒರೆಸದೆ ಓಡಿಸಬೇಡಿ. ಸ್ಪ್ರೇ ಸಿಗದಿದ್ದರೆ 90 ಗ್ರೇಡ್ ಗೇರ್ ಆಯಿಲ್ ಹಚ್ಚಿ ಹೆಚ್ಚಾದದ್ದು ಒರೆಸಿದರೂ ನಡೆಯುತ್ತದೆ. ಕೊಳೆ ಜಾಸ್ತಿ ಹಿಡಿಯುತ್ತದೆ, ಅಷ್ಟೇ.

ಒಣ ರಸ್ತೆಯಲ್ಲಿ 500 ಕಿ.ಮೀ.ಗೆ ಒಮ್ಮೆ ಲೂಬ್ ಮಾಡಿ. ಮಲೆನಾಡಿನ ಮಳೆಯಲ್ಲಿ ದಿನವಿಡೀ ಓಡಿಸಿದರೆ ಆ ದಿನವೇ ಒರೆಸಿ ಹಾಕಿ. ಫೋರ್ಕ್ ಕೊಳವೆಯ ಮೇಲೆ ಒಣಗಿದ ಕೆಸರನ್ನು ಉಗುರಿನಿಂದ ಕೆರೆಯಬೇಡಿ, ಒದ್ದೆ ಬಟ್ಟೆಯಿಂದ ನೆನೆಸಿ ತೆಗೆಯಿರಿ. ಫೋರ್ಕ್ ಎಣ್ಣೆಗೆ ನಮ್ಮ ರಸ್ತೆಗಳಲ್ಲಿ ಎರಡು ವರ್ಷ ಸಾಕಷ್ಟಾಯಿತು.

ಇಷ್ಟೆಲ್ಲ ಮಾಡಿದ ಮೊದಲ 500 ಕಿ.ಮೀ. ಆದ ಮೇಲೆ ಒಂದು ಭಾನುವಾರ ತೆಗೆದಿಡಿ. ಶಾಕ್‌ನ ಎರಡೂ ಬೋಲ್ಟ್, ಟ್ರಿಪಲ್ ಕ್ಲ್ಯಾಂಪ್, ಆಕ್ಸಲ್, ಸ್ಪ್ರಾಕೆಟ್ ನಟ್‌ಗಳಿಗೆ ಟಾರ್ಕ್ ರೆಂಚ್ ಹಿಡಿಯಿರಿ. ಹೊಸ ಚೈನ್ ಶುರುವಿನಲ್ಲಿ ಸ್ವಲ್ಪ ಹಿಗ್ಗುತ್ತದೆ, ಹೊಸ ಸ್ಪ್ರಿಂಗೂ ಚೂರು ಕೂತಿರುತ್ತದೆ. ಮೊದಲು ಸ್ಯಾಗ್ ಅಳೆಯಿರಿ, ಆಮೇಲೆ ಚೈನ್ ಲೂಸ್ ನೋಡಿ.